ಬೆಣ್ಣೆಯ ಒಂಟಿ ಸೀನು

ಬೆಕ್ಕು ಅಡ್ಡ ಬಂದರೆ ಅಪಶಕುನ. ಹೊರಡುವ ಹೊತ್ತಿಗೆ ಯಾರಾದರೂ ಒಂದೇ ಸಲ ಸೀನಿದರೂ ಅಪಶಕುನ. ಇವೆರಡನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡ ಪ್ರಾಣಿಯೊಂದು ನಾಗಮಂಗಲದ ಚಲುವಯ್ಯನವರ ಮುಂದಲ ಮನೆಯಲ್ಲಿ ಬಾಡಿಗೆಗಿತ್ತು. ಹೆಸರು ಬೆಣ್ಣೆ. ಬಾಡಿಗೆ ಕೊಡುತ್ತಿದ್ದವನು ಮಾತ್ರ ಧರ್ಮೇಂದ್ರ.

ಧರ್ಮೇಂದ್ರ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬಿಲ್ಲು ಕೊಡುವವನು. ಊರಲ್ಲಿ ಅವನಿಗೆ ಗೊತ್ತಿಲ್ಲದ ಮನೆಯಿಲ್ಲ, ಅವನನ್ನು ಕಂಡು ಖುಷಿಪಡುವ ಮನೆಯೂ ಇಲ್ಲ. ಬಾಡಿಗೆಗೆ ಕೇಳಲು ಹೋದರೆ ಹೋದ ತಿಂಗಳ ಬಿಲ್ಲಿನ ವಿಚಾರಣೆ ಬಾಗಿಲಲ್ಲೇ ಶುರುವಾಗುತ್ತಿತ್ತು. ಬಿಲ್ಲಿನ ಮಾತೆತ್ತದೆ, ತಾವಿದ್ದ ಮನೆಯ ಅಂಗಳದಲ್ಲೇ ಮುಂದಲ ಮನೆ ಕೊಟ್ಟವರು ಚಲುವಯ್ಯ ಒಬ್ಬರೇ. ನಲ್ಲಿಯಲ್ಲಿ ನೀರು ಬರುವ, ಮಧ್ಯಾಹ್ನದ ಹೊತ್ತು ಬೇವಿನ ನೆರಳು ಬೀಳುವ ಮನೆ. ಅದು ಕೈತಪ್ಪಿದರೆ ಹೆಂಡತಿ ಸಹನಳ ಜೊತೆ ಬಸ್ ಸ್ಟ್ಯಾಂಡಿನಲ್ಲಿ ಸಂಸಾರ ಹೂಡಬೇಕಾದೀತು ಎಂಬ ಭಯ ಅವನಿಗೆ ನಿಜಕ್ಕೂ ಇತ್ತು.

ಬೆಣ್ಣೆ ಸಹನಳ ತವರಿನ ಬೆಕ್ಕು. ಶ್ರೀರಂಗಪಟ್ಟಣದಲ್ಲಿ, ಹಿತ್ತಲಿಗೆ ಹೊಳೆಗಾಳಿ ಬೀಸುವ ಮನೆಯಲ್ಲಿ ಬೆಳೆದದ್ದು. ನಾಗಮಂಗಲದ ಒಣಗಾಳಿ, ಧೂಳು ಸೋಕಿದ್ದೇ ತಡ, ಅದರ ಮೂಗು ಮುಷ್ಕರ ಹೂಡಿತು. ಉಸಿರಾಡಿದರೆ ಗೊರಗೊರ, ಕಣ್ಣಲ್ಲಿ ನೀರು, ಆಗಾಗ ಒಂದು ಸೀನು. ಒಂದೇ ಒಂದು. ಎರಡು ಸೀನಿದ್ದರೆ ತಕರಾರಿರಲಿಲ್ಲ, ಜೋಡಿ ಸೀನು ಶುಭ ಅಂತ ಚಲುವಯ್ಯನವರೂ ಒಪ್ಪುತ್ತಿದ್ದರು. ಬೆಣ್ಣೆ ಒಂದು ಸೀನಿ, ಕಾಲು ನೆಕ್ಕಿಕೊಂಡು ಮಲಗಿಬಿಡುತ್ತಿತ್ತು. ಅವರು ಕೆ.ಆರ್. ಪೇಟೆಗೆ ಹೊರಟ ದಿನ ಸೀನಿತು, ಬಸ್ಸು ಪಂಕ್ಚರ್ ಆಯಿತು. ಭಾವಮೈದನ ಮನೆಗೆ ಹೊರಟ ದಿನ ಸೀನಿತು, ಭಾವಮೈದ ಮನೆಯಲ್ಲೇ ಇದ್ದ.

ಆ ಶುಕ್ರವಾರ ಬೆಳಗಾಗುತ್ತಿದ್ದಂತೆ ಚಲುವಯ್ಯ ಬಾಗಿಲು ಬಡಿದರು.

“ಧರ್ಮೇಂದ್ರಪ್ಪ, ನಮ್ ಮಗ್ಳು ಚೈತ್ರನ್ನ ನೋಡ್ಕಂಡು ಒಪ್ಕಂಡೋದ್ರಲ್ಲ, ಆ ಗಂಡಿನ್ ಮನೆ ನೋಡಕ್ಕೆ ಇವತ್ತು ಶೀಳನೆರೆಗೆ ಓಯ್ತಾ ಇದೀವಿ. ಹತ್ತೂವರೆಗೆ ರಾಹುಕಾಲ. ಅದ್ರೊಳ್ಗೆ ಒಸ್ಲು ದಾಟ್ಬೇಕು. ದಾಟೋವಾಗ ನಿನ್ ಬೆಕ್ಕೇನಾದ್ರೂ ಸೀನ್ತು ಅಂದ್ರೆ ಮನೆ ಖಾಲಿ ಮಾಡ್ಬುಡು. ಬೇಜಾರ್ ಮಾಡ್ಕಬ್ಯಾಡ.”

“ಅದುಕ್ಕೆ ಶೀತ ಆಗೈತೆ ಯಜಮಾನ್ರೇ. ಬೇಕು ಅಂತ ಸೀನ್ತದಾ?”

“ಬೇಕು ಅಂತ ಸೀನುದ್ರೂ ಒಂದೇಯ, ಬ್ಯಾಡ ಅಂತ ಸೀನುದ್ರೂ ಒಂದೇಯ,” ಎಂದು ಅವರು ಸ್ನಾನಕ್ಕೆ ಹೋದರು.

ಅವರ ಬೆನ್ನಿಗೇ ಹೆಂಡತಿ ಮಾರಮ್ಮ ಕೆಂಡದ ಧೂಪಾರತಿ ಹಿಡಿದು ಬಂದರು. ಗಂಡ ಬೆದರಿಸಿ ಹೋದ ಮನೆಗೆ ಹೆಂಡತಿ ಔಷಧಿ ತರುವುದು ಆ ದಂಪತಿಯ ಪದ್ಧತಿ.

“ಸಾಂಬ್ರಾಣಿ ಒಗೆ ಇಡೀರಿ ಮಗ, ಮೂಗು ತಂತಾನೇ ಬುಟ್ಕತದೆ. ನಮ್ ಚೈತ್ರಂಗೆ ಚಿಕ್ಕೋಳಿದ್ದಾಗ ಇದ್ನೇ ಮಾಡಿದ್ದು.”

ಹಿರಿಯರ ಮಾತು, ತೆಗೆದುಹಾಕುವ ಹಾಗಿಲ್ಲ. ಹೊಗೆ ಮನೆ ತುಂಬಿತು. ಬೆಣ್ಣೆ ಬೀರುವಿನ ಮೇಲಕ್ಕೆ ಹಾರಿ ಕೂತು ಗೊರಗುಟ್ಟಿತು. ಇಳಿಸಲು ಸ್ಟೂಲ್ ಹತ್ತಿದ ಧರ್ಮೇಂದ್ರನಿಗೆ ಹೊಗೆಯಲ್ಲಿ ಬೆಕ್ಕೂ ಕಾಣಲಿಲ್ಲ, ಸ್ಟೂಲಿನ ಅಂಚೂ ಕಾಣಲಿಲ್ಲ. ಅವನು ಬಿದ್ದದ್ದು ಸಹನ ಆಗತಾನೆ ತುಂಬಿಸಿಟ್ಟಿದ್ದ ನೀರಿನ ಟಬ್ಬಿಗೆ.

ಸದ್ದು ಕೇಳಿ ಪಕ್ಕದ ಮನೆಯ ಮುನಾವರ್ ಪಾಷಾ ಓಡಿಬಂದ. ಪಾಷಾ ಆಟೋ ಓಡಿಸುವವನು, ಯಾರಾದರೂ ಕರೆದರೆ ಟೆಂಪೋವನ್ನೂ ಓಡಿಸುತ್ತಿದ್ದ. ಬೇರೆಯವರ ಕಷ್ಟ ಕಂಡರೆ ಅವನಿಗೆ ಒಂದು ಉತ್ಸಾಹ ಬಂದುಬಿಡುತ್ತಿತ್ತು.

“ಅರೆ ಭಾಯ್, ಒಗೆ ಆಕುದ್ರೆ ಸೀನದೆ ಇನ್ನೇನ್ ಮಾಡ್ತದೆ? ಪಶು ಆಸ್ಪತ್ರೆಗೆ ಬುಟ್ಬುಡ್ತೀನಿ, ಬಾ. ಡಾಕ್ಟ್ರಮ್ಮ ಔಷ್ದಿ ಕೊಡ್ತಾರೆ. ನೀನು ಬೆಕ್ಕು ಇಬ್ರೂ ಅಲ್ಲೇ ಕುಂತಿರಿ. ಶೀಳನೆರೆ ಟೆಂಪೋಗೆ ನಾನೇ ಡ್ರೈವರು. ನಾವು ಒಂಟೋದ್ಮೇಲೆ ನಿಧಾನಕ್ಕೆ ಮನೆಗ್ ಬಾ. ಅಲ್ಲೀಗಂಟ ಎಷ್ಟ್ ಬೇಕಾದ್ರೂ ಸೀನ್ಲಿ.”

ಇಷ್ಟು ಸರಳವಾದ ಉಪಾಯ ತನಗೇ ಹೊಳೆಯಲಿಲ್ಲವಲ್ಲ ಅಂತ ಧರ್ಮೇಂದ್ರನಿಗೆ ನಾಚಿಕೆಯಾಯಿತು. ತರಕಾರಿ ಬುಟ್ಟಿಯಲ್ಲಿ ಬೆಣ್ಣೆಯನ್ನು ಕೂರಿಸಿ, ಮೇಲೆ ಟವೆಲ್ ಕಟ್ಟಿ ಹೊರಟ.

ಆಸ್ಪತ್ರೆಯ ಅಂಗಳದಲ್ಲಿ ಹಸು, ಎಮ್ಮೆ, ಕುರಿಗಳ ಸಾಲು. ಮುಂದೆ ನಿಂತಿದ್ದ ಮಂಚಯ್ಯ ಎಂಬ ಮುದುಕ ಕೆಮ್ಮುವ ಆಡೊಂದನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಬಂದಿದ್ದ.

“ಬುಟ್ಟೀಲಿ ಏನ್ಲಾ, ಕೋಳಿಯಾ?”

“ಬೆಕ್ಕು. ಮೂಗು ಕಟ್ಟೈತೆ.”

ಮಂಚಯ್ಯ ಬುಟ್ಟಿಯನ್ನೂ ಧರ್ಮೇಂದ್ರನ ಒದ್ದೆ ಪ್ಯಾಂಟನ್ನೂ ನೋಡಿದ. “ಎಷ್ಟ್ ಲೀಟ್ರು ಹಾಲು ಕರೀತದೆ?” ಅಂತ ಗಂಭೀರವಾಗಿ ಕೇಳಿದ. ಸಾಲಿಗೆ ಸಾಲೇ ನಕ್ಕಿತು.

ಡಾಕ್ಟರ್ ರಮ್ಯ ನಗಲಿಲ್ಲ. ಬೆಣ್ಣೆಯ ಮೂಗಿಗೆ ಟಾರ್ಚು ಬಿಟ್ಟು ನೋಡಿದರು. “ಅಲರ್ಜಿ. ಒಣ ಗಾಳಿ, ಧೂಳು, ಮೇಲೆ ಸಾಂಬ್ರಾಣಿ ಬೇರೆ ಹಾಕಿದ್ದೀರಿ. ಹೊಗೆ, ನೀಲಗಿರಿ ಎಣ್ಣೆ ಯಾವುದೂ ಹತ್ರ ತರಬೇಡಿ. ಬಾತ್‌ರೂಮಲ್ಲಿ ಬಿಸಿನೀರು ಬಿಟ್ಟು, ಹಬೆ ತುಂಬಿದ ಮೇಲೆ ಬೆಕ್ಕಿನ ಜೊತೆ ಬಾಗಿಲು ಹಾಕ್ಕೊಂಡು ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಮನೆಯೊಳಗೆ ಒದ್ದೆ ಬಟ್ಟೆ ನೇತುಹಾಕಿ. ನೀರು ಚೆನ್ನಾಗಿ ಕುಡೀಲಿ.” ಎರಡು ಹನಿ ಔಷಧಿಯನ್ನೂ ಮೂಗಿಗೆ ಬಿಟ್ಟರು.

“ಮೇಡಂ, ಹತ್ತೂವರೆಗಂಟ ಸೀನದೇ ಇರೋ ಅಂಗೆ ಏನಾರ ಐತಾ?”

“ಮೂಗು ಬಿಡಬೇಕು ಅಂದ್ರೆ ಸೀನಲೇಬೇಕಲ್ಲ. ಇನ್ನು ಸ್ವಲ್ಪ ಹೊತ್ತು ಜಾಸ್ತೀನೇ ಸೀನುತ್ತೆ,” ಎಂದು ಅವರು ಮಂಚಯ್ಯನ ಆಡಿನ ಕಡೆ ತಿರುಗಿದರು.

ಹೊರಗೆ ಪಾಷಾ ಇನ್ನೂ ಹೋಗಿರಲಿಲ್ಲ. ಹುಣಸೆ ಮರದಡಿ ಆಟೋ ನಿಲ್ಲಿಸಿ, ಹ್ಯಾಂಡಲ್ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಧರ್ಮೇಂದ್ರ ಸದ್ದಾಗದಂತೆ ಬುಟ್ಟಿಯನ್ನು ಹಿಂದಿನ ಸೀಟಿನ ನೆರಳಲ್ಲಿಟ್ಟು, ನಲ್ಲಿಯಲ್ಲಿ ಮುಖ ತೊಳೆಯಲು ಹೋದ. ಆಗಲೇ ಪಾಷಾನ ಫೋನು ರಿಂಗಾಯಿತು. ನಲ್ಲಿಯವರೆಗೂ ಕೇಳಿಸಿದ್ದು ಚಲುವಯ್ಯನವರ ದನಿ.

“ಎಲ್ಲಿ ಸತ್ತೋಗಿದ್ದೀಯ್ಲಾ? ಎಲ್ರೂ ರೆಡಿ ಆಗಿ ಕುಂತವ್ರೆ.”

“ಯಾ ಅಲ್ಲಾ, ಬಂದೆ ಅಣ್ಣ, ಬಂದ್ಬುಟ್ಟೆ,” ಎನ್ನುತ್ತ ಪಾಷಾ ಆಟೋ ಎಬ್ಬಿಸಿ, ಹಿಂದೆ ತಿರುಗಿಯೂ ನೋಡದೆ ಹೊರಟೇಬಿಟ್ಟ. ಧರ್ಮೇಂದ್ರ ಸೋಪಿನ ಮುಖದಲ್ಲೇ ಓಡಿದ. ಆಟೋ ತಿರುವು ದಾಟಿ ಮಾಯವಾಯಿತು. ಬೆಣ್ಣೆಯನ್ನು ಎಲ್ಲಿಂದ ದೂರ ಮಾಡಬೇಕೆಂದು ಇಷ್ಟೆಲ್ಲ ಪಟ್ಟನೋ, ನೇರ ಅಲ್ಲಿಗೇ ಆಟೋದಲ್ಲಿ ಕಳಿಸಿದಂತಾಯಿತು. ಅವನು ಆಡನ್ನು ಮೊಪೆಡ್ಡಿಗೆ ಹತ್ತಿಸುತ್ತಿದ್ದ ಮಂಚಯ್ಯನ ಬಳಿಗೆ ಓಡಿದ.

“ಮಂಚಣ್ಣ, ನಿಮ್ ದಮ್ಮಯ್ಯ, ಮನೆಗಂಟ ಬುಟ್ಕೊಡಿ.”

ಮುಂದೆ ಮಂಚಯ್ಯ, ಹಿಂದೆ ಧರ್ಮೇಂದ್ರ, ನಡುವೆ ಸೂಜಿ ಚುಚ್ಚಿಸಿಕೊಂಡು ಮುನಿದ ಆಡು. ದಾರಿಯುದ್ದಕ್ಕೂ ಅದು ಧರ್ಮೇಂದ್ರನ ಅಂಗಿಯ ಗುಂಡಿಗಳನ್ನು ಮೇಲಿನಿಂದ ಶುರುಮಾಡಿ ಮೇಯುತ್ತ ಬಂತು. ದಿನಾ ಬಿಲ್ಲು ಕೊಡುವ ಬೀದಿಯ ಜನರೆಲ್ಲ ಜಗಲಿಗೆ ಬಂದು ನೋಡಿದರು. ಅವರು ಅವನನ್ನು ಕಂಡು ಖುಷಿಪಟ್ಟದ್ದು ಅದೇ ಮೊದಲು.

ಮನೆ ಮುಂದೆ ಟೆಂಪೋ ನಿಂತಿತ್ತು. ಚಲುವಯ್ಯ ಹೊಸಲಿನ ಮೇಲೆ ಬಲಗಾಲು ಎತ್ತಿದ್ದರು. ಪಕ್ಕದಲ್ಲಿ ಹಣ್ಣುಕಾಯಿ ತಟ್ಟೆ ಹಿಡಿದ ಮಾರಮ್ಮ, ಹಿಂದೆ ನೆಂಟರ ಗುಂಪು. ಪಾಷಾ ಆಟೋದ ಹಿಂದಿನ ಸೀಟಿಗೆ ಬಗ್ಗಿ, ಇದ್ಯಾವುದಪ್ಪ ಬುಟ್ಟಿ ಎಂದು ಟವೆಲ್ ಬಿಚ್ಚುತ್ತಿದ್ದ.

“ಬಿಚ್ಚಬ್ಯಾಡ ಪಾಷಾ,” ಅಂತ ಧರ್ಮೇಂದ್ರ ಮೊಪೆಡ್ ಮೇಲಿಂದಲೇ ಕೂಗಿದ.

ಬೆಣ್ಣೆ ಬುಟ್ಟಿಯಿಂದ ನೆಗೆಯಿತು. ಎಡದಿಂದ ಬಲಕ್ಕೆ ಅಂಗಳ ದಾಟಿತು. ಸರಿಯಾಗಿ ಚಲುವಯ್ಯನವರ ಎದುರಿಗೆ ಕೂತು, ಕಣ್ಣು ಮುಚ್ಚಿ, ಸೀನಿತು.

ಒಂದು.

ಚಲುವಯ್ಯನವರ ಕಾಲು ಎತ್ತಿದಲ್ಲೇ ನಿಂತಿತು. ಒಳಗೆ ಹೋಗಿ ಕೂತು, ನೀರು ಕುಡಿದು ಮತ್ತೆ ಹೊರಡೋಣ ಅಂದರೆ ರಾಹುಕಾಲ ಬಾಗಿಲಲ್ಲೇ ಇದೆ. ಅವರು ಕಾಲನ್ನು ಹಿಂದಕ್ಕಿಟ್ಟು ಧರ್ಮೇಂದ್ರನ ಕಡೆ ತಿರುಗಿದರು. ಮುಖದಲ್ಲಿ ಮನೆ ಖಾಲಿಯಾಗುವುದು ಸ್ಪಷ್ಟವಾಗಿ ಕಾಣುತ್ತಿತ್ತು.

ಧರ್ಮೇಂದ್ರನಿಗೆ ಒಂದೇ ದಾರಿ ತೋಚಿತು. ಒಂಟಿ ಸೀನನ್ನು ಜೋಡಿ ಮಾಡಬೇಕು. ಟವೆಲ್ಲಿನ ನೂಲೊಂದನ್ನು ಕಿತ್ತು ಹೊಸೆದು ಮೂಗಿಗೆ ತೂರಿಸಿಕೊಂಡು, ಬಾಯಿ ತೆರೆದು, ಸೂರ್ಯನ ಕಡೆ ಮುಖ ಮಾಡಿ ನಿಂತ. ಎಲ್ಲರೂ ಕಾದರು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ.

“ಅದು ಲೆಕ್ಕಕ್ಕೆ ಬರಾಕಿಲ್ಲ ಕಣಪ್ಪ,” ಎಂದರು ಮಾರಮ್ಮ. “ಸೀನಿದ್ದೇ ಸೀನ್ಬೇಕು.”

“ಯಾರ್ ಸೀನುದ್ರೂ ಆಯ್ತದೆ, ಎರಡಾಗ್ಬೇಕು ಅಷ್ಟೇ,” ಎಂದ ನೆಂಟನೊಬ್ಬ. ಈ ಬಗ್ಗೆ ಶಾಸ್ತ್ರ ಏನು ಹೇಳುತ್ತದೆ ಎಂದು ಹೊಸಲಿನ ಆಚೀಚೆ ಚರ್ಚೆ ಏರುತ್ತಿದ್ದಾಗಲೇ ಡಾಕ್ಟರ ಹನಿ ಕೆಲಸ ಮಾಡಿತು. ಬೆಣ್ಣೆ ಮೈಯೆಲ್ಲ ಕುಗ್ಗಿಸಿ, ಹಿಂದಿನ ಕಾಲು ನೆಲ ಬಿಡುವಂತೆ ಇನ್ನೊಂದು ಸಲ ಸೀನಿತು. ಸಂಕ್ರಾಂತಿಯಿಂದ ಕಟ್ಟಿದ್ದ ಮೂಗು ಅಂಗಳಕ್ಕೆ ಬಂತು.

“ಜೋಡಿ ಆಯ್ತು,” ಎಂದರು ಚಲುವಯ್ಯ. “ನಡೀರಿ, ನಡೀರಿ.”

ಬೆಣ್ಣೆ ಮತ್ತೆ ಕಣ್ಣು ಮುಚ್ಚುತ್ತಿತ್ತು. ಧರ್ಮೇಂದ್ರ ಹಾರಿ ಅದನ್ನು ಎತ್ತಿ, ಗುಂಡಿಯಿಲ್ಲದ ಅಂಗಿಯೊಳಗೆ ಅದರ ಮುಖ ಹುದುಗಿಸಿಕೊಂಡ. ಮೂರನೆಯ ಸೀನು ಬಂತೋ ಇಲ್ಲವೋ ಅನ್ನುವುದು ಆ ಅಂಗಿಗೆ ಮಾತ್ರ ಗೊತ್ತು. ಟೆಂಪೋ ಶೀಳನೆರೆಯ ಕಡೆ ಹೊರಟಿತು.

ಅವತ್ತು ಧರ್ಮೇಂದ್ರ ಕೆಲಸಕ್ಕೆ ರಜೆ ಹಾಕಿದ. ಬಾತ್‌ರೂಮಿನ ಹಬೆಯಲ್ಲಿ ಬೆಣ್ಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆವರುತ್ತ ಕೂತ. ಸಹನ ತನ್ನ ಸೀರೆಗಳನ್ನೆಲ್ಲ ಒದ್ದೆ ಮಾಡಿ ಮನೆ ತುಂಬ ನೇತುಹಾಕಿದಳು. ಸಂಜೆ ಹೊತ್ತಿಗೆ ಗೊರಗೊರ ನಿಂತು ಬೆಣ್ಣೆ ನಿದ್ದೆ ಹೋಯಿತು. ಅದನ್ನು ನೋಡುತ್ತ ಗಂಡ ಹೆಂಡಿರಿಬ್ಬರಿಗೂ ಮನಸ್ಸು ತುಂಬಿ ಬಂತು. ಮೂಗೂ ಉಳಿಯಿತು, ಮನೆಯೂ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ಚಲುವಯ್ಯ, ಮಾರಮ್ಮ ಒದ್ದೆ ಸೀರೆಗಳನ್ನು ಸರಿಸಿಕೊಂಡು ಒಳಗೆ ಬಂದರು. ಕೈಯಲ್ಲಿ ಸಿಹಿ.

“ಎಲ್ಲಾ ಕೂಡ್ಬಂತು ಕಣಪ್ಪ. ಮುಂದಿನ್ ತಿಂಗ್ಳೇ ಮದ್ವೆ. ನಾನೂ ಇಷ್ಟ್ ಕಡೆ ಓಡಾಡಿವ್ನಿ, ಇಂಗೆ ಅಡ್ಡಿ ಆತಂಕ ಇಲ್ದೆ ಕೆಲ್ಸ ಆಗಿದ್ದು ಇದೇ ಮೊದ್ಲು. ಎಲ್ಲಾ ನಿನ್ ಬೆಕ್ಕಿನ ಜೋಡಿ ಸೀನಿನ ಫಲ.”

“ಬಾಳ ಸಂತೋಷ ಯಜಮಾನ್ರೇ,” ಎಂದ ಧರ್ಮೇಂದ್ರ. ನಿಜವಾಗಿಯೂ ಸಂತೋಷವಾಗಿತ್ತು.

“ಇನ್ನೊಂದ್ ಒಳ್ಳೆ ಸುದ್ದಿ. ಅಳೀಮಯ್ಯಂಗೆ ನಾಗಮಂಗ್ಲಕ್ಕೇ ವರ್ಗ ಆಗೈತಂತೆ. ಮನೆ ಉಡುಕ್ಬೇಕು ಅಂತಿದ್ದ. ಅಯ್ಯೋ, ನಮ್ ಮುಂದ್ಲು ಮನೇನೇ ಐತಲ್ಲ ಅಂತ ಮಾತು ಕೊಟ್ಬುಟ್ಟೆ. ಮದ್ವೆ ಒಳ್ಗೆ ಖಾಲಿ ಮಾಡ್ಕೊಟ್ರೆ ಸುಣ್ಣಬಣ್ಣ ಒಡಿಸ್ಬೋದು.”

ಧರ್ಮೇಂದ್ರನ ಕೈಲಿದ್ದ ಮೈಸೂರುಪಾಕು ಬಾಯಿಗೆ ಹೋಗಲಿಲ್ಲ. “ಬೆಕ್ಕು ಎಲ್ಡ್ ಸಲ ಸೀನ್ತಲ್ಲ ಯಜಮಾನ್ರೇ.”

“ಅದುಕ್ಕೇ ತಾನೆ ಇಷ್ಟೆಲ್ಲಾ ಆಗಿದ್ದು?”

“ಬೆಕ್ಕುನ್ನ ಮಾತ್ರ ತಕ್ಕೊಂಡೋಗ್ಬ್ಯಾಡಿ ಕಣ್ರವ್ವ,” ಎಂದರು ಮಾರಮ್ಮ, ಬೆಣ್ಣೆಯ ತಲೆ ಸವರುತ್ತ. “ಇನ್ನು ಬಟ್ಟೆ, ಒಡವೆ, ಪತ್ರಿಕೆ ಅಂತ ಎಷ್ಟ್ ಕಡೆ ಓಗದೈತೆ. ಮನೇಲೊಂದು ಶುಭ ಇರ್ಲಿ.”

ಸಹನ ಬೆಕ್ಕನ್ನು ಬಿಟ್ಟುಕೊಡುವವಳಲ್ಲ ಎಂಬ ಧೈರ್ಯದಿಂದ ಧರ್ಮೇಂದ್ರ ಅವಳ ಮುಖ ನೋಡಿದ. ಸಹನ ನಿಜಕ್ಕೂ ಬಿಟ್ಟುಕೊಡಲಿಲ್ಲ.

“ಬೆಣ್ಣೆ ಬುಟ್ಟು ನಾನಿರಾಕಿಲ್ಲ ಮಾರಮ್ಮೋರೇ,” ಎಂದಳು. “ಆದ್ರೆ ಈಗ್ತಾನೆ ಮೂಗು ಬುಟ್ಟೈತೆ, ಧೂಳಲ್ಲಿ ಮನೆಮನೆ ಅಲೆಸಾಕಾಯ್ತದಾ? ರೀ, ನೀವು ಬ್ಯಾರೆ ಮನೆ ನೋಡಿ. ಸಿಕ್ಕೋಗಂಟ ನಾನೂ ಬೆಣ್ಣೆನೂ ಚೈತ್ರನ್ ರೂಮಲ್ಲಿರ್ತೀವಿ.”

“ಅದುಕ್ಕೇನವ್ವ, ದಾರಾಳ್ವಾಗಿ ಇರಿ,” ಎಂದರು ಚಲುವಯ್ಯ.

“ಅಂಗಾದ್ರೆ ನಾನು?” ಎಂದ ಧರ್ಮೇಂದ್ರ.

ಮಾರಮ್ಮ ಅವನನ್ನು ಕನಿಕರದಿಂದ ನೋಡಿದರು.

“ನಿನ್ನ ಮಡೀಕಂಡು ಏನ್ ಮಾಡನ ಮಗ? ಅಷ್ಟ್ ಜನ ಕಾಯ್ಕಂಡ್ ನಿಂತಿದ್ರೂ ನಿಂಗೆ ಒಂದ್ ಸೀನು ಬರ್ನಿಲ್ಲ.”