ಓದದೆ ಬಿಟ್ಟ ಕಪ್ಪೆ

ಮೂವತ್ತು ವರ್ಷ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ವರದಿ ಓದಿದವನಿಗೆ ಹನ್ನೆರಡು ಪುಟದ ಮಕ್ಕಳ ಪುಸ್ತಕ ಓದುವುದು ಒಂದು ಕೆಲಸವೇ? ಹೀಗೆ ಕೇಳಿದವನು ನಾನೇ. ಸಾಕ್ಷಿಗೆ ಹೆಂಡತಿ ಇದ್ದಾಳೆ.

ಹೆಂಡತಿ ಸುಮಿತ್ರಾ ಕೋಣಂದೂರಿನ ಹತ್ತಿರ ಅಂಗನವಾಡಿ ಟೀಚರ್. ಅವತ್ತು ಅವಳಿಗೆ ತೀರ್ಥಹಳ್ಳಿಯಲ್ಲಿ ಮೀಟಿಂಗ್. ಸಹಾಯಕಿ ಶಾರದಮ್ಮ ಒಲೆ ಬಿಟ್ಟು ಬರುವಂತಿಲ್ಲ. ಕಥೆ ಓದುವ ಹೊಣೆ ನನಗೆ ಬಂತು.

"ಚಿತ್ರ ಮಕ್ಳ ಕಡೆ ಹಿಡೀರಿ. 'ನನ್ನ ಚಪ್ಪಲಿ' ಅಂತ ಓದಿ ನಿಲ್ಸಿ, 'ನೋಡಿದ್ಯಾ' ಅಂತ ಅವೇ ಹೇಳ್ತವೆ. ಮಾನ್ವಿ ಮುಖ ನೋಡ್ತಾ ಸ್ವಲ್ಪ ಕಾಯಿರಿ" ಎಂದು, ಚಪ್ಪಲಿ ಹುಡುಕುವ ಏಡಿಯ ಪುಸ್ತಕವನ್ನು ನನ್ನ ಕೈಗಿಟ್ಟಳು ಸುಮಿತ್ರಾ.

ಮಾನ್ವಿಗೆ ಮೂರೂವರೆ ವರ್ಷ. ಜೂನ್‌ನಿಂದ ಅಂಗನವಾಡಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವಳ ತಾಯಿ ದಿನಾ ಗೇಟಿನಲ್ಲಿ ನಿಂತು, "ಇವತ್ತಾದ್ರೂ ಎಂತಾರೂ ಹೇಳಿದ್ಲಾ ಟೀಚರ್?" ಎಂದು ಕೇಳುತ್ತಿದ್ದರು. ಕೇಳಿ ಕೇಳಿ ಒಳಗೆ ತುಂಬಿದ ಮಾತು ಒಂದು ದಿನ ಹೊರಗೆ ಬರುತ್ತದೆ ಎಂಬುದು ಸುಮಿತ್ರಾಳ ನಂಬಿಕೆ. ಅದಕ್ಕೇ ಮೂರು ವಾರದಿಂದ ಅದೇ ಪುಸ್ತಕ.

"ಮೂರು ವಾರ ಒಂದೇ ವರದಿಯಾ?" ಎಂದೆ. ಅವಳು ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು.

ಚಾಪೆಯ ಮೇಲೆ ಹದಿನಾರು ಮಕ್ಕಳು. ನಾನು ಎದ್ದು ನಿಂತು, ಪುಸ್ತಕವನ್ನು ನನ್ನ ಕಡೆಗೇ ಹಿಡಿದು, ಕೆಮ್ಮಿ ಶುರುಮಾಡಿದೆ. "ಒಂದು ಏಡಿ ತನ್ನ ಚಪ್ಪಲಿಯನ್ನು ಕಳೆದುಕೊಂಡಿತ್ತು."

"ಅಜ್ಜ, ಚಿತ್ರ ತೋರ್ಸು."

"ಏಡಿಗೆ ಎಷ್ಟು ಚಪ್ಪಲಿ?"

"ಪ್ರಶ್ನೆಗಳನ್ನು ಕೊನೆಯಲ್ಲಿ ತೆಗೆದುಕೊಳ್ಳಲಾಗುವುದು."

ಒಬ್ಬ ಅಳತೊಡಗಿದ. ಇಬ್ಬರು ಅಡುಗೆಮನೆಗೆ ನಡೆದರು. 'ನೋಡಿದ್ಯಾ'ಗಳನ್ನೆಲ್ಲ ನಾನೇ ಓದಿ ಮುಗಿಸುತ್ತಿದ್ದೆ. ಸಂಘದಲ್ಲಿ ಸದಸ್ಯರು ಹೀಗೆ ಮಿಸುಕಾಡಿದರೆ ಒಂದು ಪದ್ಧತಿಯಿದೆ. "ಮುಂದಿನ ಪುಟವನ್ನು ಓದಿದ್ದೆಂದು ಭಾವಿಸೋಣ" ಎಂದರೆ ಎಲ್ಲರೂ ಕೈಯೆತ್ತುತ್ತಾರೆ, ಊಟಕ್ಕೆ ಏಳುತ್ತಾರೆ. ಇಲ್ಲೂ ಹಾಗೇ ಅಂದು ಎರಡು ಹಾಳೆ ಒಟ್ಟಿಗೆ ಮಗುಚಿದೆ.

ಅಳುತ್ತಿದ್ದವನೂ ಸುಮ್ಮನಾದ.

"ಕಪ್ಪೆ ಎಲ್ಲಿ?" ಎಂದಿತು ಒಂದು ದನಿ. ಆಮೇಲೆ ಎಲ್ಲರೂ ಕಪ್ಪೆಗಾಗಿ ಕೂಗಿದರು. ಶಾರದಮ್ಮ ಸೌಟು ಹಿಡಿದೇ ಓಡಿ ಬಂದರು. "ಎಂತ ಮಾಡಿದ್ರಿ ಮಾರಾಯ್ರೆ?"

ಆಗ ಮಾನ್ವಿ ಎದ್ದಳು. ಅವಸರವಿಲ್ಲದೆ ಬಂದು ನನ್ನ ಪಂಚೆ ಎಳೆದಳು. ನಾನು ಕೂತೆ. ಅವಳು ಹಾಳೆಯನ್ನು ಹಿಂದಕ್ಕೆ ತಿರುಗಿಸಿ, ಕಪ್ಪೆಯ ಮೇಲೆ ಬೆರಳಿಟ್ಟಳು.

"ಇದು ಓದಿಲ್ಲ ನೀನು. ಏಡಿ ಕೇಳ್ತು, ನನ್ನ ಚಪ್ಪಲಿ ನೋಡಿದ್ಯಾ? ಕಪ್ಪೆ ಇಲ್ಲ ಅಂತು. ಹಂಗೆ ಓದು."

ಶಾರದಮ್ಮ ಅಲ್ಲೇ ನೆಲಕ್ಕೆ ಕೂತರು. ನಾನು ಹೇಳಿದ ಹಾಗೇ ಓದಿದೆ, ಎರಡು ಸಲ. ಮಧ್ಯಾಹ್ನ ಶಾರದಮ್ಮ ಗೇಟಿನಲ್ಲಿ ಸುದ್ದಿ ಹೇಳಿದಾಗ ಮಾನ್ವಿಯ ತಾಯಿ, "ಎಂತ ಹೇಳಿದ್ಲು?" ಎಂದು ಮೂರು ಸಲ ಕೇಳಿದರು.

ಸುಮಿತ್ರಾಳಿಂದ ಮೂರು ವಾರದಲ್ಲಿ ಮಾಡಲಾಗದ್ದನ್ನು ಹತ್ತು ನಿಮಿಷದಲ್ಲಿ ಮಾಡಿದೆನೆಂದು ಸಂಜೆ ವರದಿ ಒಪ್ಪಿಸಿದೆ. ಅವಳ ಕಣ್ಣು ತುಂಬಿತು. ಮರುದಿನ ಅವಳೇ ಓದಿದಳು. ಚಿತ್ರ ತೋರಿಸಿದಳು, ನಿಲ್ಲಿಸಿದಳು, ಕಾದಳು. ಮಾನ್ವಿ ಸಂತೋಷವಾಗಿ ನಕ್ಕು ಸುಮ್ಮನೆ ಕೂತಿದ್ದಳಂತೆ.

"ನಾಳೆ ನೀವು ಬನ್ನಿ" ಎಂದಳು ಸುಮಿತ್ರಾ.

"ಈಗ ಸರಿಯಾಗಿ ಓದ್ತೀನಿ ಬಿಡು."

"ದಯವಿಟ್ಟು ಬೇಡ. ಮಾನ್ವಿಗೆ ತಿದ್ದೋಕೆ ಯಾರಾದ್ರೂ ಬೇಕು."

ಈಗ ವಾರಕ್ಕೆರಡು ದಿನ ತಪ್ಪು ಓದಲು ಹೋಗುತ್ತೇನೆ. ಇದಕ್ಕೆ ಯಾವ ತರಬೇತಿಯೂ ಬೇಕಾಗಲಿಲ್ಲ.