ಎಂಟು ಅಡಿ ದೂರದ ಪಿಂಗ್

ದಿನಕ್ಕೊಂದಾದರೂ ಇಂಥ ಫಜೀತಿ ಆಗದಿದ್ದರೆ ಅಂದು ನಮ್ಮ ಆಫೀಸಿಗೆ ರಜೆ ಎಂದೇ ಅರ್ಥ. ಮೊದಮೊದಲು ನಗುತ್ತಿದ್ದೆ. ಈಗ ನಗುವುದಕ್ಕೂ ಆಯಾಸ. ಬರೆದಿಟ್ಟರೆ ಬೇರೆಯವರಾದರೂ ನಕ್ಕಾರು ಎಂದು ಬರೆಯುತ್ತಿದ್ದೇನೆ.

ಮರಾಠಿ ಸೀಮೆಯ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ನಾನು ಡಿಸ್ಪ್ಯಾಚ್ ಗುಮಾಸ್ತ. ಯಾವ ಮಾಲು ಯಾವ ಗಾಡಿಯಲ್ಲಿ ಎಲ್ಲಿಗೆ ಹೋಗಬೇಕು ಎಂದು ಬರೆಯುವುದು, ಗೇಟ್ ಪಾಸ್ ಕೊಡುವುದು, ಇಷ್ಟೇ ಕೆಲಸ. ಮನೆ ಇರುವುದು ಕಾತ್ರಜದಲ್ಲಿ. ಬೆಳಿಗ್ಗೆ ಆರೂಕಾಲಕ್ಕೆ ಕಂಪನಿ ಬಸ್ಸು ಹತ್ತಿದರೆ ಹೋಗಲಿಕ್ಕೆ ಎರಡು ತಾಸು, ಸಂಜೆ ಬರಲಿಕ್ಕೆ ಎರಡೂವರೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ಎರಡೂ ಮೊಣಕಾಲು ಈಗ ನನ್ನ ಮಾತು ಕೇಳುವುದಿಲ್ಲ. ನಮ್ಮ ಕಂಪನಿಯದೇ ಒಂದು ಸಣ್ಣ ಆಫೀಸು ಕಾತ್ರಜದಲ್ಲಿದೆ, ಮನೆಯಿಂದ ನಡೆದರೆ ಹತ್ತು ನಿಮಿಷ. ಅಲ್ಲಿನ ಗುಮಾಸ್ತರು ರಿಟೈರಾಗಿ ಒಂದು ಜಾಗ ಖಾಲಿಯಾಯಿತು. ಆ ಜಾಗ ನನಗೆ ಬೇಕಿತ್ತು. ಅಷ್ಟು ಬಿಟ್ಟು ಈ ಕಂಪನಿಯಿಂದ ನನಗೆ ಇನ್ನೇನೂ ಬೇಕಿರಲಿಲ್ಲ.

ಅಡ್ಡ ಬಂದದ್ದು ಪಿಂಗ್ ಎಂಬ ಇಂಗ್ಲಿಷ್ ಶಬ್ದ. ಕಂಚಿನ ಬಟ್ಟಲಿಗೆ ಚಮಚ ತಾಗಿದರೆ ಬರುವಂಥ ಸದ್ದು ಅದು. ನಮ್ಮಲ್ಲೂ ಟಣ್ ಇದೆ, ಠಣ್ ಇದೆ, ಕಿಣಿಕಿಣಿ ಇದೆ. ಆದರೆ ನಮ್ಮವು ಸದ್ದು ಮಾಡಿ ಸುಮ್ಮನಾಗುತ್ತವೆ. ಇಂಗ್ಲಿಷಿನವರು ತಮ್ಮದಕ್ಕೆ ನೌಕರಿ ಕೊಡಿಸಿದ್ದಾರೆ. ಕಂಪ್ಯೂಟರಿಗೆ ಸಂದೇಶ ಬಂದಾಗ ಆಗುವ ಸದ್ದೂ ಪಿಂಗ್, ಆ ಸಂದೇಶವೂ ಪಿಂಗ್, ಕಳಿಸಿದರೆ ಪಿಂಗ್ ಮಾಡಿದಂತೆ, ನೆನಪು ಮಾಡಿದರೂ ಪಿಂಗ್ ಮಾಡಿದಂತೆ. ಬಾಯಿಂದ ಹೇಳಿದ್ದೊಂದು ಮಾತ್ರ ಪಿಂಗ್ ಅಲ್ಲ, ಹಾಗಾಗಿ ನಮ್ಮಲ್ಲಿ ಅದಕ್ಕೆ ಬೆಲೆಯಿಲ್ಲ.

೧. ಎಂಟು ಅಡಿ

ನಮ್ಮ ಸಾಹೇಬರ ಟೇಬಲ್ಲಿಗೂ ನನ್ನ ಟೇಬಲ್ಲಿಗೂ ನಡುವೆ ಎಂಟು ಅಡಿ. ಅಳೆದವನು ನಾನೇ, ಒಮ್ಮೆ ಬೀರು ಇಡುವಾಗ. ಒಂದು ದಿನ ಎದ್ದು ಹೋಗಿ, ಕಾತ್ರಜದ ಜಾಗ ನನಗೆ ಕೊಡಬೇಕು ಸಾಹೇಬರೇ ಎಂದೆ. ಅವರು ಪೂರ್ತಿ ಕೇಳಿದರು. ತಲೆಯಾಡಿಸಿದರು. ಆಮೇಲೆ, ‘ಕಾಕಾ, ಪಿಂಗ್ ಕರಾ’ ಎಂದರು ಮರಾಠಿಯಲ್ಲಿ, ಪಿಂಗ್ ಮಾಡಿ ಎಂದು.

ಇದೀಗ ಹೇಳಿದೆನಲ್ಲ ಎಂದೆ. ಹೇಳಿದ್ದು ಸರಿ, ಆದರೆ ಪಿಂಗ್ ಇದ್ದರೆ ನನ್ನ ಕಣ್ಣೆದುರು ಇರುತ್ತದೆ ಎಂದರು. ಅವರ ಕಣ್ಣೆದುರೇ ನಿಂತಿದ್ದ ನಾನು ವಾಪಸ್ ಬಂದು ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಅವರ ಕಂಪ್ಯೂಟರ್ ಪಿಂಗ್ ಅಂದಿತು. ಅವರು ಗಾಬರಿಯಿಂದ ತಿರುಗಿ ನೋಡಿ, ಯಾರಪ್ಪಾ ಇದು ಇಷ್ಟು ಹೊತ್ತಿನಲ್ಲಿ ಎಂದು ನನ್ನನ್ನೇ ಕೇಳಿದರು.

೨. ಕ್ಷೇಮ ಸಮಾಚಾರ

ಆ ಪಿಂಗ್ ಬೇರೆಯವರ ಪಿಂಗುಗಳ ಕೆಳಗೆ ಸರಿದು ಹೋಯಿತಂತೆ, ಮತ್ತೆ ಮಾಡಲು ಹೇಳಿದರು. ಈ ಸಲ ಚೆನ್ನಾಗಿ ಬರೆಯೋಣ ಎಂದುಕೊಂಡೆ. ನಾನು ವಿಜಯಪುರ ಕಡೆಯವನು. ನಮ್ಮಲ್ಲಿ ಒಬ್ಬರ ಹತ್ತಿರ ಏನಾದರೂ ಕೇಳಬೇಕಾದರೆ ಮೊದಲು ಮನೆಮಂದಿಯ ಕ್ಷೇಮ ವಿಚಾರಿಸಬೇಕು. ನೇರ ವಿಷಯಕ್ಕೆ ಬಂದರೆ ಗಂಟು ಬಿದ್ದಂತಾಗುತ್ತದೆ. ಅದಕ್ಕೇ ಕಾಗದದಂತೆ ಸಾಲು ಸಾಲಾಗಿ ಬರೆದೆ, ಪ್ರತಿ ಸಾಲಿನ ಕೊನೆಗೆ ಕೆಳಗಿಳಿಯುವ ಕೀಲಿ ಒತ್ತಿದೆ. ಅದನ್ನು ಒತ್ತಿದರೆ ಆ ಸಾಲು ಆಗಲೇ ಹೋಗಿಬಿಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಹೊತ್ತಿಗೆ ಸಾಹೇಬರು ಮೀಟಿಂಗ್ ರೂಮಿನಲ್ಲಿ ಹೆಡ್ ಆಫೀಸಿನವರಿಗೆ ಗೋಡೆಯ ಮೇಲೆ ತಮ್ಮ ಪರದೆ ತೋರಿಸುತ್ತಿದ್ದರು. ಪಿಂಗ್. ಮಾನ್ಯರೇ, ನಮಸ್ಕಾರ. ಪಿಂಗ್. ತಾವು ಕ್ಷೇಮವೇ? ಪಿಂಗ್. ತಂದೆಯವರು ಹೇಗಿದ್ದಾರೆ? ಪಿಂಗ್. ಅವರಿಗೆ ಹೊಟ್ಟೆ ಸಾಫಾಗುತ್ತಿದೆಯೇ? ಪಿಂಗ್. ಇಸಬಗೋಲು ಬಿಸಿನೀರಿನಲ್ಲಿ ಕೊಡಿ. ವರ್ಗಾವಣೆಯ ಮಾತು ಬರುವುದು ಹದಿನಾಲ್ಕನೇ ಸಾಲಿನಲ್ಲಿ. ಆರನೆಯದಕ್ಕೇ ಸಾಹೇಬರು ಕಂಪ್ಯೂಟರ್ ಮುಚ್ಚಿಬಿಟ್ಟಿದ್ದರು.

ನೌಕರಿಗೇ ಸಂಚಕಾರ ಬಂತು ಎಂದು ಹೆದರಿ ಕೂತಿದ್ದೆ. ಮರುದಿನ ಹೆಡ್ ಆಫೀಸಿನ ದೊಡ್ಡವರೊಬ್ಬರಿಂದ ನನಗೇ ಪಿಂಗ್ ಬಂತು. ಇಸಬಗೋಲು ಊಟಕ್ಕೆ ಮೊದಲೋ, ನಂತರವೋ ಎಂದು ಕೇಳಿದ್ದರು.

೩. ಹಾಯ್

ನಮ್ಮ ವಿಭಾಗದಲ್ಲಿ ಮೈಸೂರು ಕಡೆಯ ಒಬ್ಬ ಹುಡುಗಿ ಇದ್ದಾಳೆ, ಕಂಪ್ಯೂಟರ್ ಇಂಜಿನಿಯರು. ನನ್ನ ಪಾಡು ನೋಡಲಾರದೆ ಪಕ್ಕ ಕೂತು ಪಾಠ ಮಾಡಿದಳು. ‘ಅಂಕಲ್, ಅಷ್ಟೊಂದೆಲ್ಲ ಬರೀಬಾರ್ದು. ಫಸ್ಟ್ ಬರೀ ಹಾಯ್ ಅನ್ನಿ. ಅವ್ರು ವಾಪಸ್ ಹಾಯ್ ಅಂದ್ರೆ ಫ್ರೀ ಇದಾರೆ ಅಂತ. ಆಮೇಲೆ ವಿಷ್ಯ ಹೇಳಿ’ ಎಂದಳು.

ಸೋಮವಾರ ಹಾಯ್ ಎಂದೆ. ಸಾಹೇಬರು ಮಂಗಳವಾರ ಹಾಯ್ ಎಂದರು. ಆಗ ನಾನು ಲಾರಿ ತುಂಬಿಸಲು ಹೋಗಿದ್ದೆ. ಬಂದು ನೋಡಿ ಹಾಯ್ ಎಂದೆ, ಅಷ್ಟರಲ್ಲಿ ಅವರು ಊಟಕ್ಕೆ ಹೋಗಿದ್ದರು. ಬುಧವಾರ ಅವರು ಹಾಯ್ ಎಂದರು. ಗುರುವಾರ ನಾನು. ಈ ನಡುವೆ ಇಬ್ಬರೂ ಎದುರುಬದುರು ಕೂತು ಚಹಾ ಕುಡಿದೆವು, ಮಳೆಯ ಬಗ್ಗೆ ಮಾತಾಡಿದೆವು. ಶುಕ್ರವಾರ ಸಾಹೇಬರು ನನ್ನ ಟೇಬಲ್ಲಿಗೇ ಬಂದು ತಗ್ಗಿದ ದನಿಯಲ್ಲಿ, ಕಾಕಾ, ನೀವು ವಾರವೆಲ್ಲ ಹಾಯ್ ಹಾಯ್ ಅನ್ನುತ್ತಿದ್ದೀರಿ, ಮನೆಯಲ್ಲಿ ಎಲ್ಲಾ ಸರಿ ಇದೆಯಲ್ಲ ಎಂದು ಕೇಳಿದರು. ಇಲ್ಲ ಸಾಹೇಬರೇ, ವರ್ಗಾವಣೆಯ ವಿಷಯ ಎಂದೆ. ಓ ಅದಾ, ಪಿಂಗ್ ಮಾಡಿ ಎಂದು ಹೊರಟುಹೋದರು.

೪. ಆ ಕಡೆ ಜೀವ ಇದೆಯೇ

ಒಮ್ಮೆ ನನ್ನ ಕಂಪ್ಯೂಟರ್ ಕೆಟ್ಟಿತು. ಅದೇ ಹುಡುಗಿ ಬಂದು ಕಪ್ಪು ಪರದೆ ತೆರೆದು ಏನೋ ಒತ್ತಿದಳು. ಇದೂ ಪಿಂಗೇ ಅಂಕಲ್, ಇಲ್ಲಿಂದ ಇನ್ನೊಂದು ಮಷೀನಿಗೆ ಕೂಗು ಹಾಕುವುದು, ಅದು ಓಗೊಟ್ಟರೆ ಜೀವಂತ ಇದೆ ಎಂದು ಲೆಕ್ಕ ಎಂದಳು. ಕೂಗು ಹಾಕಿದ್ದು ಕಾತ್ರಜದ ಆ ಖಾಲಿ ಟೇಬಲ್ಲಿನ ಕಂಪ್ಯೂಟರಿಗೆ. ಕಣ್ಣು ಮಿಟುಕಿಸುವುದರೊಳಗೆ ಓಗೊಟ್ಟಿತು, ಅದೂ ನಾಲ್ಕು ಸಲ.

ನನಗೆ ಯಾಕೋ ತುಂಬ ಬೇಜಾರಾಯಿತು. ಮನೆಗೆ ಬಂದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೆಂಡತಿಗೆ ಹೇಳಿದೆ. ಅವಳು ಜೋಳದ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ಹಂಗಾರ ಅರ್ಜಿ ಆ ಮಷೀನಿಗೇ ಕೊಡ್ರಿ. ಅದಾದ್ರೂ ಮನುಷ್ಯಾರಂಗ ಉತ್ತರಾ ಕೊಡ್ತದ’ ಅಂದಳು.

೫. ಪಕ್ಕದ ಸೀಟು

ಕಡೆಗೂ ನನ್ನ ಕಾಲ ಬಂತು ಎಂದುಕೊಂಡದ್ದು ಸಾಹೇಬರ ಕಾರು ಗ್ಯಾರೇಜಿಗೆ ಹೋದ ದಿನ. ಅವರ ಮನೆ ಧನಕವಡಿ, ಕಾತ್ರಜಕ್ಕೆ ಹತ್ತಿರ, ನಮ್ಮ ಬಸ್ಸಿನ ದಾರಿಯೇ. ಸಂಜೆ ಬಸ್ಸು ಹತ್ತಿ ನನ್ನ ಪಕ್ಕದಲ್ಲೇ ಕೂತರು. ಅವರ ಮೊಬೈಲಿನ ಚಾರ್ಜು ಮುಗಿದಿತ್ತು. ಪಿಂಗ್ ಮಾಡಿ ಎನ್ನುವ ದಾರಿಯೇ ಇರಲಿಲ್ಲ.

ಇಪ್ಪತ್ತೆರಡು ವರ್ಷದ್ದನ್ನೆಲ್ಲ ಹೇಳಿದೆ. ಮೊಣಕಾಲು, ಎಣ್ಣೆ, ಹತ್ತು ನಿಮಿಷದ ದಾರಿ, ಯಾವುದನ್ನೂ ಬಿಡಲಿಲ್ಲ. ವಾಘೋಲಿಯಲ್ಲಿ ಗಾಡಿಗಳು ಸಿಕ್ಕಿಕೊಂಡು ಬಸ್ಸು ಮುಕ್ಕಾಲು ತಾಸು ನಿಂತಿತು. ಸಾಹೇಬರು ಒಮ್ಮೆ ಎಡಕ್ಕೆ ವಾಲಿ ಕೂತರು, ಒಮ್ಮೆ ಬಲಕ್ಕೆ, ಕೊನೆಗೆ ಸೊಂಟ ಹಿಡಿದುಕೊಂಡು ಎದ್ದೇ ನಿಂತರು. ‘ಕಾಕಾ, ಇದು ಮನುಷ್ಯರು ಮಾಡೋ ಪ್ರಯಾಣ ಅಲ್ಲ. ನನಗೆ ಇವತ್ತು ತಿಳೀತು. ನಾಳೆಯೇ ಇದಕ್ಕೊಂದು ದಾರಿ ಮಾಡ್ತೀನಿ’ ಎಂದು ಮರಾಠಿಯಲ್ಲಿ ಹೇಳಿ ನನ್ನ ಕೈ ಹಿಡಿದುಕೊಂಡರು. ನನ್ನ ಕಣ್ಣು ತುಂಬಿ ಬಂತು. ಆ ರಾತ್ರಿ ಮನೆಯಲ್ಲಿ ಗೋಧಿ ಹುಗ್ಗಿಯ ಸಿಹಿಯೂಟ ಆಯಿತು.

ಮೂರನೇ ದಿನ ಪಿಂಗ್ ಬಂತು. ಬರೆಯುತ್ತಿದ್ದ ಗೇಟ್ ಪಾಸ್ ಬದಿಗಿಟ್ಟು ತೆರೆದೆ. ‘ಕಾತ್ರಜದ ಜಾಗದ ತೀರ್ಮಾನವಾಗಿದೆ, ಸೋಮವಾರದಿಂದ ಅಲ್ಲಿ ನಾನೇ ಕೂರುತ್ತೇನೆ, ಇಲ್ಲಿಯ ಕೆಲಸ ಅಲ್ಲಿಂದಲೇ ನೋಡಿಕೊಳ್ಳುತ್ತೇನೆ, ಆ ಪ್ರಯಾಣ ನನ್ನಿಂದಾಗದು, ಕಣ್ಣು ತೆರೆಸಿದ್ದಕ್ಕೆ ಧನ್ಯವಾದ’ ಎಂದು ಸಾಹೇಬರು ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: ‘ನನ್ನ ಟೇಬಲ್ಲು, ಕುರ್ಚಿ, ಗಿಡದ ಕುಂಡಗಳನ್ನು ಶನಿವಾರ ಕಾತ್ರಜಕ್ಕೆ ಡಿಸ್ಪ್ಯಾಚ್ ಮಾಡಿಸಿ.’

ಸಿಟ್ಟು ಬಂತೇ ಎಂದರೆ, ಬಂತು. ಆದರೆ ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಶನಿವಾರ ಗೇಟ್ ಪಾಸ್ ಬರೆದೆ. ಸಾಮಾನು ಕಟ್ಟಿಸಿದೆ. ಟೆಂಪೋ ಡ್ರೈವರು ಗಡಿಭಾಗದ ಜತ್ ಕಡೆಯ ಕನ್ನಡದವನು. ನಾನು ಕುಂಟುವುದನ್ನು ನೋಡಿ, ಹೆಂಗೂ ಕಾತ್ರಜಕ್ಕ ಹೊಂಟೀನಿ, ಬರ್ರಿ ಎಂದ. ‘ಮುಂದ ಜಾಗಾ ಇಲ್ರಿ, ಸಾಹೇಬ್ರ ಗಿಡಾ ಇಟ್ಟೀನಿ. ಹಿಂದ ಕುರ್ಚಿ ಖಾಲಿ ಅದ, ಅದರ ಮ್ಯಾಲ ಕುಂದರ್ರಿ.’

ಸಾಹೇಬರ ತಿರುಗುವ ಕುರ್ಚಿಯ ಮೇಲೆ ಕೂತು ಕಾಲು ಚಾಚಿದೆ. ಟೆಂಪೋ ಎಡಕ್ಕೆ ಹೊರಳಿದರೆ ನಾನು ಬಲಕ್ಕೆ ತಿರುಗುತ್ತಿದ್ದೆ. ಅರ್ಧ ದಾರಿಯಲ್ಲಿ ಜೇಬಿನಲ್ಲಿ ಪಿಂಗ್ ಎಂದಿತು. ಕುರ್ಚಿ ಹೊರಟಿತೇ ಎಂದು ಸಾಹೇಬರು ಕೇಳಿದ್ದರು. ಹೊರಟಿದೆ ಸಾಹೇಬರೇ, ಅದರ ಜೊತೆ ನಾನೂ ಕಾತ್ರಜಕ್ಕೆ ಬರಲೇ ಎಂದು ಬರೆದೆ. ಮರುಕ್ಷಣವೇ, ಆಗಲಿ ಎನ್ನುವ ಹೆಬ್ಬೆರಳಿನ ಚಿತ್ರ ಬಂತು. ನಾನು ಕಾತ್ರಜಕ್ಕೆ ಹೋಗಲು ಸಾಹೇಬರಿಂದ ಲಿಖಿತ ಒಪ್ಪಿಗೆ ಸಿಕ್ಕಿದ್ದು ಅದೊಂದೇ ಸಲ.