ಗಂಡನ ಹೆಸರು ಕೇಳಿದ ಯಂತ್ರ

ಮೂವತ್ತು ವರ್ಷ ದವಾಖಾನೆಯ ಎಕ್ಸ್‌ರೇ ಕೋಣೆಯಲ್ಲಿ ದುಡಿದು ನಿವೃತ್ತನಾದ ಈರಭದ್ರಪ್ಪ, ರಾಣೆಬೆನ್ನೂರಿನ ತನ್ನ ಪಡಸಾಲೆಯಲ್ಲೇ ಹೊಸ ಯಂತ್ರ ಕಟ್ಟಿ ಅದಕ್ಕೆ ಕುಂಕುಮವನ್ನೂ ಹಚ್ಚಿಬಿಟ್ಟಿದ್ದ. ತೋಳಿಗೆ ಚುಚ್ಚಿದ ಔಷಧ ರಕ್ತದ ಜೊತೆ ಹೊರಡುತ್ತದೆ, ಯಂತ್ರ ಪಟಪಟನೆ ಎಕ್ಸ್‌ರೇ ತೆಗೆಯುತ್ತದೆ, ಹೃದಯದ ಸ್ನಾಯುವಿನಲ್ಲಿ ರಕ್ತ ಮುಟ್ಟಿದ ಕಡೆ ಪರದೆ ಕೆಂಪಾಗುತ್ತದೆ, ಮುಟ್ಟದ ಕಡೆ ಕಪ್ಪಾಗಿಯೇ ಉಳಿಯುತ್ತದೆ. ಇಷ್ಟನ್ನು ಹೆಂಡತಿ ಕಾಶವ್ವನಿಗೆ ನಾಲ್ಕು ಸಲ ವಿವರಿಸಿದ್ದ.

ಅವಳಿಗೆ ಬೇಕಾದದ್ದು ವಿವರಣೆಯಲ್ಲ. ಎರಡು ತಿಂಗಳಿಂದ ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು. ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಮಾತೆತ್ತಿದರೆ ಜೀವ ಬಾಯಿಗೆ ಬರುತ್ತಿತ್ತು. ಗಂಡನ ಯಂತ್ರ ಎಲ್ಲ ಸರಿಯಿದೆ ಎಂದುಬಿಟ್ಟರೆ ಸಾಕು ಎಂದುಕೊಂಡು ಯಂತ್ರದ ಹಲಗೆಯ ಮೇಲೆ ಮಲಗಿದಳು. ಅದರ ಪಟ್ಟಿಗಳು ತಾವೇ ಬಂದು ಮೈಗೆ ಬಿಗಿದುಕೊಂಡವು.

"ಪೇಶಂಟ್ ಹೆಸರು?" ಎಂದಿತು ಯಂತ್ರ. ಹೇಳಿದಳು.

"ಗಂಡನ ಹೆಸರು?"

ಕಾಶವ್ವ ತುಟಿ ಬಿಗಿದಳು. ಮದುವೆಯ ದಿನ ಒಡಪಿನಲ್ಲಿ ಪ್ರಾಸ ಕಟ್ಟಿ ಹೇಳಿದ್ದೇ ಕೊನೆ, ಆ ಹೆಸರು ಮತ್ತೆ ಅವಳ ನಾಲಿಗೆಗೆ ಬಂದಿರಲಿಲ್ಲ. ನಮ್ಮನಿಯವರು ಅಂದಳು. ಅಂಥ ಹೆಸರಿಲ್ಲ ಎಂದಿತು. ಈರಭದ್ರಪ್ಪ ತಾನೇ ಕೂಗಿ ಹೇಳಿದ. ಯಂತ್ರ ರೋಗಿಯೇ ಹೇಳಬೇಕೆಂದು ಗದರಿ, ಪಟ್ಟಿಗಳನ್ನು ಇನ್ನಷ್ಟು ಬಿಗಿಯಿತು! ಹಿಂದೊಮ್ಮೆ ಒಬ್ಬರ ಫಿಲ್ಮನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡಿದ್ದ ಈ ಪುಣ್ಯಾತ್ಮನೇ ಯಂತ್ರಕ್ಕೆ ಆ ಕಾಯಿದೆ ತುರುಕಿದ್ದ. ಗಾಬರಿಯಲ್ಲಿ ವೈರು ಕಿತ್ತ, ಯಂತ್ರ ನಿಲ್ಲಲಿಲ್ಲ. ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ ಇಟ್ಟವನೂ ಅವನೇ.

ಗದ್ದಲ ಕೇಳಿ ಪಕ್ಕದ ಮನೆಯ ಗಂಗವ್ವ ಓಡಿಬಂದಳು. "ಒಡಪು ಹಾಕಿ ಹೇಳ ಯವ್ವಾ, ಒಡಪಿನ್ಯಾಗ ಹೇಳಿದ್ರ ನಡೀತೈತಿ."

ಕಾಶವ್ವನ ಕಿವಿ ಬಿಸಿಯಾದವು, ಎದೆ ಡವಡವ ಹೊಡೆದುಕೊಂಡಿತು. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದಳು: "ಎಳೀ ಬಳ್ಳಿಗೆ ಎಲಿ ಹಸರು, ಈರಭದ್ರಪ್ಪ ಅಂತ ನಮ್ಮ ದೊರಿ ಹೆಸರು."

ಹೆಸರು ಕೇಳಿದ್ದೇ ತಡ, ಯಂತ್ರ ಸೂಜಿ ಚುಚ್ಚಿ ಚಿತ್ರ ತೆಗೆಯಿತು. ಪರದೆ ಕೆಂಪಾಯಿತು. ಕೆಳಗೆ ಮಾತ್ರ ಹೆಬ್ಬೆರಳಿನಷ್ಟು ಕಪ್ಪು. ಎದೆ ಸುಮ್ಮನಿದ್ದಾಗ ಅಡಗಿ ಕೂತಿದ್ದ ದೋಷ, ನಾಚಿಕೆಗೆ ಎದೆ ಓಡಿದಾಗ ಸಿಕ್ಕಿಬಿದ್ದಿದೆ ಎಂದು ಈರಭದ್ರಪ್ಪನಿಗೆ ಗೊತ್ತಾಯಿತು. ಪಾಪ, ಒಂದೊಂದಾಗಿ ಪಟ್ಟಿ ಬಿಚ್ಚಿದ. "ಹುಬ್ಬಳ್ಳಿಗೆ ಹೋಗೂಣ ಕಾಶಿ," ಎಂದ. ಅವನ ಕಂಗೆಟ್ಟ ಮುಖ ನೋಡಿ ಅವಳಿಗೆ ತನ್ನ ಹೆದರಿಕೆ ಮರೆತೇ ಹೋಯಿತು.

"ನಡೀರಿ," ಎಂದಳು.

ಹುಬ್ಬಳ್ಳಿಯ ಡಾಕ್ಟರು ಯಂತ್ರ ಅಚ್ಚು ಹಾಕಿ ಕೊಟ್ಟ ಚೀಟಿಯಲ್ಲಿ ಗಂಡನ ಹೆಸರಿನ ಜಾಗದಲ್ಲಿದ್ದ ಇಡೀ ಒಡಪನ್ನು ಓದಿ ನಕ್ಕರು. ಆಮೇಲೆ ತಾವೂ ಪರೀಕ್ಷೆ ಮಾಡಿ, ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ ಕಳಿಸಿದರು.

ಈಗ ಕಾಶವ್ವ ಸರಾಗವಾಗಿ ಮಾಳಿಗೆ ಹತ್ತುತ್ತಾಳೆ. ಒಮ್ಮೆ ಬಿಚ್ಚಿದ ಬಾಯಿ ನೋಡಿ, ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಎದೆ ಡವಡವ ಅನ್ನುವುದು ಈಗ ಈರಭದ್ರಪ್ಪನದು.